ಇಂಟರ್ನೆಟ್ ಪೀರಿಯಡ್ಡಿಗೆ ಸ್ವೆಟರ್

ಬಿ.ಎಡ್. ಎನ್ನುವುದು ಒಂದು ವರ್ಷದ ಬರೆಯುವ ಕಾಯಿಲೆ. ಪಾಠ ಯೋಜನೆ ಬರೆಯಬೇಕು, ಪಾಠ ಮಾಡಿದ್ದಕ್ಕೆ ವರದಿ ಬರೆಯಬೇಕು, ಪಕ್ಕದವರು ಪಾಠ ಮಾಡುವುದನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಅದನ್ನೂ ಬರೆಯಬೇಕು. ಇಷ್ಟರ ನಡುವೆ ಪಾಠ ಮಾಡಲು ಕಲಿಯುವುದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಉಡುಪಿಯ ಆ ಕಾಲೇಜಿನಲ್ಲಿ ಈ ಕಾಯಿಲೆಗೆ ಒಂದು ಮನೆಮದ್ದಿತ್ತು. ಕೋರ್ಸು ಮುಗಿಸಿ ಹೋಗುವವರು ತಮ್ಮ ರೆಕಾರ್ಡ್ ಪುಸ್ತಕಗಳನ್ನು ಮುಂದಿನ ವರ್ಷದವರಿಗೆ ದಾಟಿಸುತ್ತಿದ್ದರು. ಹೊಸಬರು ಹೆಸರು ಮತ್ತು ರೋಲ್ ನಂಬರ್ ಬದಲಾಯಿಸಿ, ಉಳಿದದ್ದನ್ನು ಭಕ್ತಿಯಿಂದ ಇದ್ದ ಹಾಗೆ ಇಳಿಸುತ್ತಿದ್ದರು. ಹೀಗೆ ಕೆಲವು ತಪ್ಪುಗಳು ಹತ್ತು ವರ್ಷ ಕೈಯಿಂದ ಕೈಗೆ ಬಂದು ಹಿರಿತನ ಪಡೆದುಬಿಟ್ಟಿದ್ದವು. ಉಪನ್ಯಾಸಕ ತಾರಾನಾಥ ಸರ್ ಅವನ್ನು ತಿದ್ದುವ ಗೊಡವೆಗೇ ಹೋಗುತ್ತಿರಲಿಲ್ಲ. ಹಳೆಯ ಪರಿಚಯದವರು ಎದುರಾದಂತೆ ಮುಗುಳ್ನಕ್ಕು ಟಿಕ್ ಹಾಕುತ್ತಿದ್ದರು.

2001ರ ಆಗಸ್ಟ್‌ನಲ್ಲಿ ಈ ನೆಮ್ಮದಿಗೆ ಕಲ್ಲು ಬಿತ್ತು. ‘ತರಗತಿಯಲ್ಲಿ ಇಂಟರ್ನೆಟ್ ಬಳಕೆ: ಭಾವೀ ಶಿಕ್ಷಕರ ಚಿಂತನೆಗಳು. ಹತ್ತು ಪುಟ, ಇಪ್ಪತ್ತು ಅಂಕ’ ಎಂದು ಬೋರ್ಡಿನ ಮೇಲೆ ಬರೆದು ತಾರಾನಾಥ ಸರ್ ಕೈಯ ಸೀಮೆಸುಣ್ಣ ಕೊಡವಿಕೊಂಡರು. ವಿಷಯ ಹೊಸತು. ಹಿಂದಿನ ಯಾವ ರೆಕಾರ್ಡಿನಲ್ಲೂ ಇಲ್ಲ. ನಲವತ್ತು ಮಂದಿ ಭಾವೀ ಶಿಕ್ಷಕರಲ್ಲಿ ಇಂಟರ್ನೆಟ್ ಕಂಡವರು ಒಬ್ಬರೂ ಇರಲಿಲ್ಲ. ಕಾಲೇಜಿನಲ್ಲಿ ಒಂದು ಕಂಪ್ಯೂಟರ್ ಇತ್ತು ನಿಜ. ಅದಕ್ಕೆ ಹೂವಿನ ಚಿತ್ತಾರದ ಬಟ್ಟೆ ಹೊದೆಸಿ ಕೋಣೆಗೆ ಬೀಗ ಹಾಕಿದ್ದರು. ಆಯುಧಪೂಜೆಯ ದಿನ ಬಾಗಿಲು ತೆರೆದು, ಅದರ ಹಣೆಗೆ ಕುಂಕುಮವಿಟ್ಟು, ಪುನಃ ಬೀಗ ಹಾಕುವುದು ವಾಡಿಕೆ.

ಎಲ್ಲರ ಕಣ್ಣೂ ನಾಗವೇಣಿಯ ಮೇಲೆ ಬಿತ್ತು. ಅದಕ್ಕೆ ಕಾರಣ ಅವಳೇ.

ನಾಗವೇಣಿಯ ಅಪ್ಪ ರೇವಪ್ಪ ಬಾದಾಮಿಯ ಕಡೆಯಿಂದ ಮಣಿಪಾಲಕ್ಕೆ ಗಾರೆ ಕೆಲಸಕ್ಕೆ ಬಂದವನು. ಆಗ ಅವಳಿಗೆ ನಾಲ್ಕು ವರ್ಷ. ಅಪ್ಪ ಒಂದು ಕಟ್ಟಡ ಮುಗಿಸಿ ಇನ್ನೊಂದಕ್ಕೆ ಹೋದ ಹಾಗೆ ಮಗಳು ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುತ್ತ ಡಿಗ್ರಿ ಮುಗಿಸಿದ್ದಳು. ಅವಳ ಬಾಯಲ್ಲಿ ಎರಡು ಕನ್ನಡಗಳಿದ್ದವು. ಮನೆಯದ್ದನ್ನು ಕಾಲೇಜಿನ ಗೇಟಿನಲ್ಲೇ ಚಪ್ಪಲಿಯ ಹಾಗೆ ಬಿಟ್ಟು, ಒಳಗೆ ‘ಎಂತ’, ‘ಉಂಟು’ ಎಂದು ಊರಿನವರಿಗಿಂತ ಶುದ್ಧವಾಗಿ ಆಡುತ್ತಿದ್ದಳು. ಅವ್ವ ಯಂಕವ್ವ ಮಣಿಪಾಲದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾಲ್ಕು ವರ್ಷದಿಂದ ಕಸ ಗುಡಿಸಿ ನೆಲ ಒರೆಸುತ್ತಿದ್ದಳು. ಕಾಲೇಜು ಸೇರಿದ ಮೊದಲ ವಾರ ಕಾರ್ಕಳದ ಇಮೆಲ್ಡಾ, ಅಮ್ಮ ಎಂತ ಮಾಡ್ತಾರೆ ಎಂದು ಕೇಳಿದಾಗ ನಾಗವೇಣಿ, ಮಣಿಪಾಲದಲ್ಲಿ ಕಂಪ್ಯೂಟರ್ ಸೆಂಟರಿನಲ್ಲಿದ್ದಾರೆ ಎಂದಿದ್ದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳು ಹೇಳದೆ ಮೋಸ ಮಾಡುವುದು ಎಷ್ಟು ಸುಲಭವೆಂದು ಅವಳಿಗೆ ಅಂದೇ ತಿಳಿಯಿತು. ಆ ಮಾತು ನೆನಪಾದಾಗಲೆಲ್ಲ ಸಣ್ಣಗೆ ನಾಚಿಕೆಯಾಗುತ್ತಿತ್ತು, ಆದರೂ ತಿದ್ದಿರಲಿಲ್ಲ.

ಆ ಸಂಜೆ ಯಂಕವ್ವ ರೊಟ್ಟಿ ಬಡಿಯುತ್ತಿದ್ದಾಗ ಮಗಳು ನೋಟುಪುಸ್ತಕ ಹಿಡಿದು ಎದುರು ಕೂತು ಇಂಟರ್ನೆಟ್ ಅಂದರೆ ಏನೆಂದು ಕೇಳಿದಳು.

“ಏನೋ ಯವ್ವಾ, ನನಗೇನ್ ತಿಳಿತೈತಿ. ಹುಡುಗ್ರು ಕುಂತು ನೋಡ್ತಾವ, ತಾವ ನಗತಾವ. ಒಳಗ ಥಂಡಿ ಭಾಳ. ಸ್ವೆಟರ್ ಇಲ್ದ ಹೋಗಬಾರ್ದು ನೋಡು,” ಎಂದಳು ಯಂಕವ್ವ. ಆಮೇಲೆ ರೊಟ್ಟಿ ಮಗುಚಿ ಹಾಕುತ್ತ, ಹುಡುಗರು ಬೇಕಾದ್ದು ಸಿಗದಿದ್ದರೆ ಮಷೀನಿಗೆ ಬೈಯುತ್ತಾರೆ, ಏನು ಬೇಕೆಂದು ಅವರಿಗೇ ಗೊತ್ತಿರುವುದಿಲ್ಲ, ಪಾಪ ಮಷೀನು ಏನು ಮಾಡೀತು ಎಂದಳು. ಚಪ್ಪಲಿ ಹೊರಗೆ ಬಿಡಬೇಕು, ನೀರು ಒಳಗೆ ತರಬಾರದು, ಬಾಗಿಲು ತೆರೆದಿಡಬಾರದು ಎಂದೂ ಹೇಳಿದಳು.

ನಾಗವೇಣಿ ಇದನ್ನೆಲ್ಲ ಗ್ರಾಂಥಿಕ ಕನ್ನಡಕ್ಕೆ ಇಳಿಸಿ ಹತ್ತು ಪುಟ ತುಂಬಿಸಿದಳು. ‘ಕೇಳಲು ಬಾರದ ಮಗುವಿಗೆ ಇಂಟರ್ನೆಟ್ ಉತ್ತರಿಸಲಾರದು. ಆದ್ದರಿಂದ ಶಿಕ್ಷಕರು ಉತ್ತರ ಕಲಿಸುವ ಮೊದಲು ಪ್ರಶ್ನೆ ಕೇಳುವುದನ್ನು ಕಲಿಸಬೇಕು’ ಎಂದು ಬರೆದಳು. ನಾಲ್ಕನೆಯ ಪುಟದಲ್ಲಿ, ‘ಇಂಟರ್ನೆಟ್ ಪೀರಿಯಡ್ ಇರುವ ದಿನ ಮಕ್ಕಳು ಕಡ್ಡಾಯವಾಗಿ ಸ್ವೆಟರ್ ಧರಿಸಿ ಬರತಕ್ಕದ್ದು’ ಎಂದೂ ಬರೆದಳು.

ಮರುದಿನ ಇಮೆಲ್ಡಾ ನೋಡಿ ಕೊಡುತ್ತೇನೆಂದು ಆ ರೆಕಾರ್ಡ್ ಒಯ್ದಳು. ಅದು ಮರಳಿ ಬಂದದ್ದು ಹನ್ನೊಂದು ದಿನಗಳ ನಂತರ, ಅಂಚುಗಳೆಲ್ಲ ಸುರುಟಿ, ಯಾರದೋ ಮನೆಯ ಮೀನುಸಾರಿನ ಕಲೆ ಹೊತ್ತು.

ಇತ್ತ ತಾರಾನಾಥ ಸರ್ ಎಲ್ಲೂರಿನ ತಮ್ಮ ಮನೆಯ ಜಗಲಿಯಲ್ಲಿ ಕೆಂಪು ಪೆನ್ನು ಹಿಡಿದು ನಲವತ್ತು ರೆಕಾರ್ಡುಗಳನ್ನು ಓದಲು ಕೂತರು. ಮೊದಲ ಪುಸ್ತಕದಲ್ಲಿ ಸ್ವೆಟರ್ ಕಂಡು ಕನ್ನಡಕ ಒರೆಸಿಕೊಂಡರು. ಎರಡನೆಯದರಲ್ಲೂ ಸ್ವೆಟರ್. ಒಂದರಲ್ಲಿ ‘ಉಣ್ಣೆಯ ಉಡುಪು’ ಇತ್ತು. ಕೆಮ್ಮಣ್ಣು ಊರಿನ ಲಿಯೋನೆಲ್ ನಕಲು ಗೊತ್ತಾಗದಿರಲೆಂದು ‘ಕೋಟು’ ಮಾಡಿದ್ದ. ಸುಭಾಷಿಣಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಡ ಮಕ್ಕಳಿಗೆ ಸರಕಾರವೇ ಉಚಿತ ಸ್ವೆಟರ್ ಒದಗಿಸಬೇಕೆಂದು ಒತ್ತಾಯಿಸಿದ್ದಳು. ಮೈಗೆ ಅಂಗಿ ಅಂಟಿಕೊಳ್ಳುವ ಉಡುಪಿಯ ಸೆಕೆಯಲ್ಲಿ ಇವರಿಗೆಲ್ಲ ಒಟ್ಟಿಗೆ ಎಂತ ಬಡಿಯಿತೆಂದು ಸರ್‌ಗೆ ಅರ್ಥವಾಗಲಿಲ್ಲ. ಹತ್ತು ವರ್ಷದ ಹಳೆಯ ತಪ್ಪಾಗಿದ್ದರೆ ಅವರು ಸುಮ್ಮನಿರುತ್ತಿದ್ದರು. ಇದು ಹೊಸ ತಪ್ಪು, ಗುರುತು ಪರಿಚಯ ಇಲ್ಲದ್ದು.

ಮರುದಿನ ಅವರು ಒಬ್ಬೊಬ್ಬರನ್ನೇ ನಿಲ್ಲಿಸಿ ಇಂಟರ್ನೆಟ್ಟಿಗೂ ಸ್ವೆಟರಿಗೂ ಎಂತ ಸಂಬಂಧ ಎಂದು ವಿಚಾರಿಸಿದರು. ಸುಭಾಷಿಣಿ ಅದು ಶಿಸ್ತಿಗಾಗಿ ಎಂದಳು.

ಲಿಯೋನೆಲ್ ತುಂಬ ಯೋಚಿಸಿ ಹೇಳಿದ: “ಸರ್, ಇಂಟರ್ನೆಟ್ ಫಾರಿನ್‌ನಿಂದ ಬರುವುದಲ್ವಾ. ಅಲ್ಲಿ ಚಳಿ ಉಂಟು.”

ತರಗತಿ ಬಿದ್ದು ಬಿದ್ದು ನಕ್ಕಿತು. ಸರ್ ನಗಲಿಲ್ಲ. ಮೂಲಪ್ರತಿ ಯಾರದೆಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಆದರೆ ಮೂವತ್ತೊಂಬತ್ತು ತಲೆಗಳು ಒಟ್ಟಿಗೆ ನಾಗವೇಣಿಯ ಕಡೆ ತಿರುಗಿದರೆ ಬಾಯಿ ಯಾಕೆ ಬೇಕು? ಅವಳು ಎದ್ದು ನಿಂತು, ಅಮ್ಮ ಕಂಪ್ಯೂಟರ್ ಸೆಂಟರಿನಲ್ಲಿದ್ದಾರೆ, ಅವರೇ ಹೇಳಿದ್ದು ಎಂದಳು. ಅಲ್ಲಿ ಅವರಿಗೆ ಎಂತ ಕೆಲಸವೆಂದು ಸರ್ ಕೇಳಿದರು. ಎಲ್ಲ ಅವರೇ ನೋಡಿಕೊಳ್ಳುವುದು ಎಂದುಬಿಟ್ಟಳು.

“ಒಳ್ಳೆದಾಯ್ತು ಮಾರಾಯ್ರೆ,” ಎಂದರು ತಾರಾನಾಥ ಸರ್. “ಶನಿವಾರ ಎಲ್ಲರೂ ಅಲ್ಲಿಗೇ ಹೋಗುವ. ಸ್ವೆಟರ್ ಬೇಕಾದಷ್ಟು ಚಳಿ ಉಂಟಾದರೆ ಎಲ್ಲರಿಗೂ ಅಂಕ. ಇಲ್ಲದಿದ್ದರೆ ನಲವತ್ತು ಜನರೂ ಪುನಃ ಬರೆಯಬೇಕು. ನಾಗವೇಣಿ, ನಿಮಗೆ ಮಾತ್ರ ಸೊನ್ನೆ.”

ಸೊನ್ನೆಯ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ, ಚಳಿಯ ವಿಷಯದಲ್ಲಿ ಅವ್ವ ತಪ್ಪುವವಳಲ್ಲ. ಅವಳ ಹೆದರಿಕೆ ಬೇರೆಯದು. ನಲವತ್ತು ಜನರ ಎದುರು ಅವ್ವ ಬಕೀಟು ಹಿಡಿದು ಬಂದುಬಿಟ್ಟರೆ? ಶುಕ್ರವಾರ ಸಂಜೆ ಅವಳು, ನಾಳೆ ಒಂದಿನ ರಜೆ ಹಾಕು ಅವ್ವಾ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ ನಮ್ಮ ಕಾಲೇಜಿನವರು ಬರುತ್ತಾರೆ ಎಂದಷ್ಟೇ ಹೇಳಿದಳು. ಯಂಕವ್ವ ಅವಳ ಮುಖ ನೋಡಿದಳು. ನಾಲ್ಕು ವರ್ಷದಲ್ಲಿ ಒಂದು ದಿನವೂ ರಜೆ ಹಾಕದವಳು, “ಆತು ಬಿಡವ್ವಾ,” ಎಂದು ಒಲೆಯ ಕಡೆ ತಿರುಗಿದಳು. ಅವಳು ಒಂದು ಮಾತು ಬೈದಿದ್ದರೂ ನಾಗವೇಣಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಶನಿವಾರ ಜಡಿಮಳೆಯಲ್ಲಿ ನಲವತ್ತೊಂದು ಕೊಡೆಗಳು ಮಣಿಪಾಲದಲ್ಲಿ ಬಸ್ಸಿನಿಂದ ಇಳಿದವು. ಚಪ್ಪಲಿ ಬಿಡಿ ಎನ್ನುವವರು ಬಾಗಿಲಲ್ಲಿ ಯಾರೂ ಇರಲಿಲ್ಲವಾದ್ದರಿಂದ ಎಲ್ಲರೂ ಕೆಸರುಗಾಲಲ್ಲೇ ಒಳಗೆ ನುಗ್ಗಿದರು. ಸೆಂಟರ್ ನೋಡಿಕೊಳ್ಳುವ ನಂದನ ಎಂಬ ಟೈ ಕಟ್ಟಿದ ಯುವಕ ತಲೆಯ ಮೇಲೆ ಕೈಯಿಟ್ಟು ನಿಂತಿದ್ದ. ಮುಚ್ಚಿದ ಕಿಟಕಿಗಳ ಆ ಕೋಣೆ ಅಕ್ಕಿ ಬೇಯುವ ಪಾತ್ರೆಯೊಳಗಿನ ಹಾಗೆ ಕಾದಿತ್ತು. ಐದು ನಿಮಿಷದಲ್ಲಿ ತಾರಾನಾಥ ಸರ್ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಹತ್ತು ನಿಮಿಷಕ್ಕೆ ಎರಡನೆಯದು. ಆಮೇಲೆ ಬೆವರು ಒರೆಸುತ್ತ, ಸ್ವೆಟರ್ ತಂದವರು ಯಾರಾದರೂ ಇದ್ದಾರಾ ಎಂದು ಬಹಳ ವಿನಯದಿಂದ ವಿಚಾರಿಸಿದರು. ಇಮೆಲ್ಡಾ ನಾಗವೇಣಿಯ ಕಡೆ ನೋಡಿದ ನೋಟದಲ್ಲಿ ಹತ್ತು ಪುಟ ಪುನಃ ಬರೆಯುವ ಸಂಕಟವೆಲ್ಲ ಇತ್ತು.

ನಂದನ ಸಮಜಾಯಿಷಿ ಕೊಟ್ಟ. ಏಸಿಯ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಉಂಟು, ಕೀಲಿ ಯಂಕವ್ವನ ಸೊಂಟದಲ್ಲಿ. ಬೆಳಿಗ್ಗೆ ಅವಳೇ ಬಂದು ಹಾಕುವುದು. ಏಸಿ ಇಲ್ಲದೆ ಮಷೀನು ಚಾಲು ಮಾಡಬಾರದೆಂದು ಮೇಲಿನವರ ಕಟ್ಟಪ್ಪಣೆ. “ಅವಳು ಇವತ್ತೇ ಯಾಕೆ ರಜೆ ಹಾಕಿದಳೋ ಗೊತ್ತಿಲ್ಲ ಸರ್. ಅವಳಿಲ್ಲದಿದ್ದರೆ ಇಲ್ಲಿ ಎಂತದ್ದೂ ನಡೆಯುವುದಿಲ್ಲ,” ಎಂದ.

ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ನಾಗವೇಣಿಗೆ ಇಷ್ಟು ಹತ್ತಿರದಿಂದ ಎಂದೂ ಕೇಳಿಸಿರಲಿಲ್ಲ. ಅವ್ವನನ್ನು ಮರೆಮಾಡಲು ಹೋಗಿ ಅವಳು ಚಳಿಯನ್ನೂ ಇಂಟರ್ನೆಟ್ಟನ್ನೂ ಒಟ್ಟಿಗೆ ಮರೆಮಾಡಿದ್ದಳು. ಸರ್ ಚೀಲದಿಂದ ಕೆಂಪು ಪೆನ್ನು ತೆಗೆದರು.

ತಾನು ಹೋಗಿ ಕೀಲಿ ತರುತ್ತೇನೆ ಎಂದಳು ನಾಗವೇಣಿ. ನಿಮಗೆ ಯಂಕವ್ವನ ಮನೆ ಗೊತ್ತುಂಟಾ ಎಂದು ನಂದನ ಆಶ್ಚರ್ಯಪಟ್ಟ.

“ಗೊತ್ತುಂಟು,” ಎಂದಳು. “ಅವರು ನನ್ನ ಅಮ್ಮ. ಇಲ್ಲಿ ಗುಡಿಸುವುದು, ಒರೆಸುವುದು ಅವರೇ.”

ಯಾರು ಏನೆಂದರೋ ಅವಳಿಗೆ ಗೊತ್ತಿಲ್ಲ. ಕೊಡೆಯನ್ನೂ ಮರೆತು ಓಡಿದ್ದಳು. ಇಳಿಜಾರಿನ ಕೆಳಗೇ ಮನೆ. ಕೀಲಿ ಬೇಕಂತೆ ಎಂಬ ಎರಡು ಶಬ್ದ ಕಿವಿಗೆ ಬಿದ್ದದ್ದೇ ತಡ, ಯಂಕವ್ವ ತಲೆ ತಲೆ ಚಚ್ಚಿಕೊಂಡು ಗೂಟದಲ್ಲಿದ್ದ ಚೀಲ ಕಿತ್ತುಕೊಂಡು ಹೊರಟೇಬಿಟ್ಟಳು. ಉಳಿದದ್ದನ್ನು ಹೇಳಲು ಮಗಳಿಗೆ ಪುರುಸೊತ್ತೇ ಸಿಗಲಿಲ್ಲ. ಏದುಸಿರು ಬಿಡುತ್ತ ಹಿಂದೆ ಓಡಿದ್ದೇ ಬಂತು.

ಯಂಕವ್ವ ಬಾಗಿಲಿಗೆ ಬಂದು ನೆಲದ ಕೆಸರು ನೋಡಿದಳು. ಅಷ್ಟು ಸಾಕಾಯಿತು.

“ಎಲ್ಲಾರೂ ಹೊರಗ ನಡೀರಿ. ಚಪ್ಪಲಿ ಬಿಟ್ಟು ಒಳಗ ಬರ್ರಿ. ಸಾಲಿ ಕಲಿಸೋ ಮಂದಿ, ಇಷ್ಟೂ ತಿಳಿಬ್ಯಾಡೇನ್ರಿ?”

ಮೂವತ್ತೊಂಬತ್ತು ಮಂದಿ ಭಾವೀ ಶಿಕ್ಷಕರೂ ಅವರ ಗುರುಗಳೂ ಹೊರಗೆ ಬಂದು ಚಪ್ಪಲಿ ಬಿಟ್ಟು ಸಾಲಾಗಿ ಒಳಗೆ ಹೋದರು. ಕೊನೆಯಲ್ಲಿ ನಾಗವೇಣಿ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಯಂಕವ್ವ ಅವಳ ಮುಖವನ್ನೇ ನೋಡದೆ, ಅಪರಿಚಿತರಿಗೆ ಹೇಳುವ ಹಾಗೆ ಬೇಕೆಂದೇ ಜೋರಾಗಿ, “ಸ್ವಲ್ಪ ಸರೀರಿ ಅಕ್ಕೋರ,” ಎಂದಳು. ಅವರ ಕಡೆ ಟೀಚರಮ್ಮನನ್ನು ಕರೆಯುವುದು ಹಾಗೆ.

ಒಳಗಿದ್ದವರಿಗೆಲ್ಲ ವಿಷಯ ಗೊತ್ತಾಗಿದೆ ಎಂಬುದು ಯಂಕವ್ವನೊಬ್ಬಳಿಗೆ ಗೊತ್ತಿರಲಿಲ್ಲ. ಮಗಳ ಮಾನ ಕಾಯಲು ಅವಳು ಇಷ್ಟು ಚೆನ್ನಾಗಿ ನಾಟಕವಾಡುವುದನ್ನು ನೋಡಿ ಯಾರಿಗೂ ನಗು ಬರಲಿಲ್ಲ. ಲಿಯೋನೆಲ್ ಕೂಡ ನೆಲ ನೋಡಿದ. ನಾಗವೇಣಿಯ ಕಣ್ಣು ತುಂಬಿ ಬಂತು. ಗೇಟಿನ ಹೊರಗೆ ಬಿಟ್ಟುಬರುತ್ತಿದ್ದ ಮಾತು ಮೊದಲ ಸಲ ಗೆಳತಿಯರ ಎದುರು ಅವಳ ಬಾಯಿಂದ ಹೊರಬಿತ್ತು.

“ಅವ್ವಾ, ಸಾಕ್ ಮಾಡು. ನೀ ನಮ್ಮವ್ವ ಅಂತ ಎಲ್ಲಾರಿಗೂ ಹೇಳೀನಿ.”

“ಹೌದಾ?” ಎಂದಳು ಯಂಕವ್ವ. ಆಮೇಲೆ, “ಹಂಗಾದ್ರ ನಡಿ, ಆ ನೆಲ ಒರಿಸು,” ಎಂದು ಮೂಲೆಯ ಬಟ್ಟೆ ತೋರಿಸಿ ಸ್ವಿಚ್ಚಿನ ಪೆಟ್ಟಿಗೆಯ ಕಡೆ ಹೋದಳು. ನಾಗವೇಣಿ ಬಟ್ಟೆ ಎತ್ತಿಕೊಂಡಳು. ಇಮೆಲ್ಡಾ ಬಂದು ಬಕೀಟು ಹಿಡಿದಳು.

ಏಸಿ ಗುರುಗುಟ್ಟತೊಡಗಿತು. ಮೋಡೆಮ್ಮು ಕೀಚಲು ದನಿಯಲ್ಲಿ ಕೂಗಿ ಕೂಗಿ, ಪರದೆಯ ಮೇಲೆ ಒಂದು ಪುಟ ಮೇಲಿನಿಂದ ಗೆರೆ ಗೆರೆಯಾಗಿ ಇಳಿಯಿತು. ಎಂತ ಹುಡುಕಬೇಕೆಂದು ನಂದನ ಕೇಳಿದಾಗ ನಲವತ್ತೊಂದು ಮಂದಿಗೂ ಏನೂ ಹೊಳೆಯಲಿಲ್ಲ. ಕೊನೆಗೆ ತಾರಾನಾಥ ಸರ್ ತಮ್ಮ ಎಲ್ಲೂರನ್ನು ಹುಡುಕಿಸಿದರು. ಸಿಗಲಿಲ್ಲ. ಅಷ್ಟು ಹಳೆಯ ದೇವಸ್ಥಾನ ಉಂಟು, ಇದಕ್ಕೆ ಗೊತ್ತಿಲ್ವಾ ಎಂದು ಅವರು ಮಷೀನಿಗೆ ಬೈಯುವುದನ್ನು ಕೇಳಿ ಯಂಕವ್ವ ಬಾಗಿಲಲ್ಲಿ ನಿಂತು ನಕ್ಕಳು. ಇಪ್ಪತ್ತು ನಿಮಿಷಕ್ಕೆ ಸರ್ ಎರಡೂ ಗುಂಡಿ ಹಾಕಿದರು. ಅರ್ಧ ಗಂಟೆಗೆ ಕರ್ಚೀಫು ಕಿವಿಗೆ ಕಟ್ಟಿದರು. ಅವರ ಹಲ್ಲು ಕಟಕಟ ಎನ್ನತೊಡಗಿದಾಗ ಯಂಕವ್ವ ಚೀಲದಿಂದ ತನ್ನ ಕಂದು ಸ್ವೆಟರನ್ನು ತೆಗೆದು ಕೊಟ್ಟಳು. ಯಾವನೋ ವಿದ್ಯಾರ್ಥಿ ಬಿಟ್ಟುಹೋದದ್ದು, ಮೊಣಕೈಯಲ್ಲಿ ತೂತು. ಸರ್ ಅದನ್ನೇ ತೊಟ್ಟುಕೊಂಡರು.

ಸೋಮವಾರ ರೆಕಾರ್ಡುಗಳು ಮರಳಿದವು. ನಾಗವೇಣಿಯದರಲ್ಲಿ ಪ್ರಶ್ನೆ ಕೇಳುವುದನ್ನು ಕಲಿಸಬೇಕೆಂಬ ಸಾಲಿಗೆ ಎರಡು ಟಿಕ್ ಇತ್ತು. ಇಪ್ಪತ್ತಕ್ಕೆ ಹತ್ತೊಂಬತ್ತು. ಕೆಳಗೆ ಕೆಂಪು ಶಾಯಿಯಲ್ಲಿ, ‘ಮಾಹಿತಿಯ ಮೂಲ ತಿಳಿಸಿಲ್ಲ. ಬರೆದು ತಂದರೆ ಉಳಿದ ಒಂದು ಅಂಕ’ ಎಂದಿತ್ತು. ಎಲ್ಲರ ರೆಕಾರ್ಡಿನಲ್ಲೂ ಅದೇ ಷರಾ. ನಾಗವೇಣಿ ಅಲ್ಲೇ ಕೂತು ದುಂಡಗಿನ ಅಕ್ಷರದಲ್ಲಿ, ‘ಮೂಲ: ನನ್ನ ಅವ್ವ, ಯಂಕವ್ವ’ ಎಂದು ಬರೆದಳು. ನೋಡಿ ಕೊಡುತ್ತೇನೆಂದು ಇಮೆಲ್ಡಾ ಅದನ್ನು ಒಯ್ದಳು.

ಸಂಜೆ ತಾರಾನಾಥ ಸರ್ ನಲವತ್ತು ಪುಸ್ತಕ ತೆರೆದು ನೋಡಿದರೆ ನಲವತ್ತರಲ್ಲೂ ‘ಮೂಲ: ನನ್ನ ಅವ್ವ, ಯಂಕವ್ವ’. ಯಾರೂ ಒಂದು ಅಕ್ಷರ ಬದಲಾಯಿಸಿರಲಿಲ್ಲ, ಲಿಯೋನೆಲ್ ಕೂಡ. ಗಮನಿಸದೆ ಇಳಿಸಿದ್ದು ಎಂದು ಇಮೆಲ್ಡಾ ಇಂದಿಗೂ ಹೇಳುತ್ತಾಳೆ. ಕಾಪುವಿನ ಹೈಸ್ಕೂಲಿನಲ್ಲಿ ಈಗ ಅಕ್ಕೋರಾಗಿರುವ ನಾಗವೇಣಿ ನಂಬುವುದಿಲ್ಲ. ಸರ್ ಆ ತಪ್ಪನ್ನು ತಿದ್ದಲಿಲ್ಲ. ಎಲ್ಲರಿಗೂ ಒಂದೊಂದು ಅಂಕ ಕೊಟ್ಟು ಟಿಕ್ ಹಾಕಿದರು.