ಹೇಳದೆ ಇಟ್ಟ ಪರೀಕ್ಷೆ

ಇಪ್ಪತ್ತನೇ ವಯಸ್ಸಿನಲ್ಲಿ ನಾನು ನನ್ನ ಗೆಳೆಯ ಮಹದೇವಸ್ವಾಮಿಗೆ ಒಂದು ಪರೀಕ್ಷೆ ಇಟ್ಟಿದ್ದೆ. ಪ್ರಶ್ನೆಪತ್ರಿಕೆ ನನ್ನದೇ, ಮೌಲ್ಯಮಾಪನವೂ ನನ್ನದೇ. ಪರೀಕ್ಷೆ ನಡೆಯುತ್ತಿದೆ ಎಂಬ ವಿಷಯವೊಂದನ್ನು ಮಾತ್ರ ಅವನಿಗೆ ತಿಳಿಸಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸತು. ಮೊಬೈಲು ಇನ್ನೂ ನಮ್ಮಂಥವರ ಜೇಬಿಗೆ ಬಂದಿರಲಿಲ್ಲ. ನಾನು ಯಾದವಗಿರಿಯ ಒಂದು ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದು ಬಿ.ಎಸ್ಸಿ. ಓದುತ್ತಿದ್ದೆ. ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮಹದೇವಸ್ವಾಮಿ ಅಶೋಕಪುರಂನಲ್ಲಿ ತಾಯಿಯ ಜೊತೆಗಿದ್ದು, ಬೇರೆ ಕಾಲೇಜಿನಲ್ಲಿ ಡಿಪ್ಲೊಮಾ ಮಾಡುತ್ತಿದ್ದ. ನಮ್ಮ ಬೀದಿ ಎಷ್ಟು ಪ್ರಶಾಂತವೆಂದರೆ, ಸಂಜೆ ಆರಾದರೆ ನನ್ನ ಉಸಿರೇ ನನಗೆ ಜೊತೆ. ಒಂಟಿತನ ಎಂದು ಒಪ್ಪಿಕೊಳ್ಳುವುದು ಅವಮಾನವಾದ್ದರಿಂದ, ಕೇಳಿದವರಿಗೆ ‘ನಾನು ಸ್ವಲ್ಪ ರಿಸರ್ವ್ಡ್’ ಎನ್ನುತ್ತಿದ್ದೆ.

ನಿಜವಾದ ಗೆಳೆಯ ಹೇಗಿರಬೇಕು ಎಂಬುದರ ಬಗ್ಗೆ ನನಗೆ ಖಚಿತ ಅಭಿಪ್ರಾಯಗಳಿದ್ದವು. ಹೇಳದೆಯೇ ತಿಳಿಯಬೇಕು, ಕರೆಯದೆಯೇ ಬರಬೇಕು, ‘ಏನಿಲ್ಲ’ ಎಂದರೆ ಏನೋ ಇದೆ ಎಂದು ಹಿಡಿಯಬೇಕು. ಇಷ್ಟನ್ನು ನಾವು ಚಾಮುಂಡಿ ಬೆಟ್ಟದ ತಾಯಿಯಿಂದಲೂ ನಿರೀಕ್ಷಿಸುವುದಿಲ್ಲ. ಅಲ್ಲಿ ಹೋಗಿ ಬಾಯಿಬಿಟ್ಟೇ ಹರಕೆ ಹೇಳಿಕೊಳ್ಳುತ್ತೇವೆ.

ಆ ವರ್ಷ ಮಹದೇವಸ್ವಾಮಿ ನನ್ನ ಹುಟ್ಟಿದಹಬ್ಬ ಮರೆತ. ಅವನಾಗಿಯೇ ಫೋನ್ ಮಾಡುವವರೆಗೆ ನಾನು ಅವನ ಸುದ್ದಿಗೆ ಹೋಗುವುದಿಲ್ಲವೆಂದು ತೀರ್ಮಾನಿಸಿದೆ. ಫೋನ್ ಇದ್ದದ್ದು ಮನೆ ಮಾಲೀಕರಾದ ಗಿರಿಜಮ್ಮನವರ ಹಜಾರದಲ್ಲಿ. ಅದು ಹೊಡೆದುಕೊಂಡಾಗಲೆಲ್ಲ ನನಗೆ ಅವರ ಹೂಗಿಡಗಳ ಮೇಲೆ ಅಕ್ಕರೆ ಉಕ್ಕುತ್ತಿತ್ತು. ಆ ಹಜಾರದ ಕಿಟಕಿ ಪಕ್ಕದ ಗುಲಾಬಿಗೆ ದಿನಕ್ಕೆ ನಾಲ್ಕು ಸಲ ನೀರು ಹುಯ್ದು ಬೇರು ಕೊಳೆಸಿದೆ.

ಹದಿನೆಂಟನೆಯ ದಿನ ಗಿರಿಜಮ್ಮ ಕಿಟಕಿಯಿಂದಲೇ ವಿಚಾರಿಸಿದರು. ನಾನು ಎಲ್ಲವನ್ನೂ ಹೇಳಿಕೊಂಡೆ. ನೀನೇ ಹೋಗಿ ನೋಡಬಾರದೇ ಎಂದರು. ಅದು ನನ್ನ ಸಿದ್ಧಾಂತಕ್ಕೆ ವಿರುದ್ಧ ಎಂದೆ.

“ಸಿದ್ಧಾಂತ ಆಮೇಲೆ ನೋಡ್ಕೊಳಪ್ಪ. ಮೊದ್ಲು ನನ್ ಗಿಡ ಬುಟ್ಟು ಈಚೆಗೆ ಬಾ.”

ಸಂಸ್ಕೃತದಲ್ಲಿ ಸ್ನೇಹ ಎಂದರೆ ಎಣ್ಣೆ ಎಂದೂ ಅರ್ಥವಿದೆ. ಅದನ್ನು ಕಾಣದೆ ಎಷ್ಟೋ ಕಾಲವಾಗಿದ್ದ ನನ್ನ ಸೈಕಲ್ ಚೈನು ಅಶೋಕಪುರಂವರೆಗೂ ಕಿರುಗುಟ್ಟಿತು. ನಾನು ಮಾತ್ರ ಮಾಡಬೇಕಾದ ಭಾಷಣವನ್ನು ಮನಸ್ಸಿನಲ್ಲೇ ತಿದ್ದುತ್ತಾ ತುಳಿದೆ. ‘ಇನ್ನು ನಿನ್ನ ದಾರಿ ನಿನಗೆ’ ಎನ್ನುವಾಗ ದನಿ ಒಂದಿಷ್ಟು ನಡುಗಬೇಕೆಂದೂ ಗೊತ್ತುಮಾಡಿಕೊಂಡಿದ್ದೆ.

ಮಹದೇವಸ್ವಾಮಿ ಮಂಚದ ಮೇಲಿದ್ದ. ಬಲಗಾಲಿಗೆ ತೊಡೆಯವರೆಗೂ ಪ್ಲಾಸ್ಟರ್. ನನ್ನ ಹುಟ್ಟಿದಹಬ್ಬದ ಹಿಂದಿನ ದಿನ ಸ್ಕೂಟರಿನಿಂದ ಬಿದ್ದು ಮೂಳೆ ಮುರಿದಿತ್ತಂತೆ. ಭಾಷಣ ಬಿಟ್ಟು ಮಂಚದ ಅಂಚಿಗೆ ಕೂತೆ. ಯಾಕೆ ತಿಳಿಸಲಿಲ್ಲ ಎಂದು ಕೇಳಿದರೆ ಗೋಡೆ ಕಡೆ ಮುಖ ತಿರುಗಿಸಿದ.

“ನಾನೇ ಬ್ಯಾಡ ಅಂದಿದ್ದೆ ಅವ್ವಂಗೆ. ಹೇಳ್ಕಳಿಸ್ದೆ ಇದ್ರೂ ಬತ್ತೀಯೇನೋ ನೋಡಾಣ ಅಂತ. ಹತ್ತೊಂಬತ್ತು ದಿನ ಆಯ್ತು ಕಣೋ.”

ಅಂದರೆ ಅತ್ತ ನಾನು ಪರೀಕ್ಷಕನಾಗಿ ಮೆರೆಯುತ್ತಿದ್ದಾಗ ಇತ್ತ ಇನ್ನೊಂದು ಪರೀಕ್ಷೆಯಲ್ಲಿ ದಿನಕ್ಕೊಮ್ಮೆ ನಪಾಸಾಗುತ್ತಿದ್ದೆ. ನನ್ನ ಹದಿನೆಂಟು ದಿನಗಳ ಕಥೆಯನ್ನೂ ಹೇಳಿದೆ. ಕಾಫಿ ತಂದ ಅವನ ತಾಯಿ, ದೇವರು ಇಬ್ಬರಿಗೂ ಬಾಯಿ ಕೊಟ್ಟಿದ್ದಾನಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ನಮಗೆ ನಗು ಬಂತು. ನಕ್ಕ ಮೇಲೂ ಅವನ ಕಣ್ಣಲ್ಲಿ ನೀರಿತ್ತು. ನಾನು ಅದನ್ನು ನೋಡದವನಂತೆ ಪ್ಲಾಸ್ಟರ್ ನೋಡುತ್ತಾ ಕೂತೆ.

ಹೊರಡುವಾಗ ಅವನು ಸೂರು ನೋಡಿಕೊಂಡೇ ಹೇಳಿದ:

“ನಾಳೆನೂ ಬಾರೋ. ಒಬ್ನೇ ಇರಕ್ಕಾಗಲ್ಲ.”

ಅಷ್ಟು ವರ್ಷಗಳ ಸ್ನೇಹದಲ್ಲಿ ನಮ್ಮಿಬ್ಬರಲ್ಲಿ ಯಾರೂ ಅಂಥ ಮಾತು ಆಡಿರಲಿಲ್ಲ. ಆಡಿದ್ದರಿಂದ ಏನೂ ಕಳೆದುಹೋಗಲಿಲ್ಲ ಎಂಬುದೇ ನನಗೆ ಸೋಜಿಗ.

ಮಾರನೆಯ ದಿನ ಹೋದೆ. ಪ್ಲಾಸ್ಟರಿನೊಳಗೆ ತಡೆಯಲಾರದ ತುರಿಕೆ ಎಂದು ತಾಯಿಯ ಸ್ವೆಟರ್ ಹೆಣೆಯುವ ಕಡ್ಡಿಯನ್ನು ನನ್ನ ಕೈಗಿತ್ತ. ಕಡ್ಡಿಯನ್ನು ನಿಧಾನವಾಗಿ ಒಳಗಿಳಿಸಿದೆ. ಹೇಳದೆಯೇ ಎಲ್ಲವನ್ನೂ ಬಲ್ಲ ಗೆಳೆಯನಿಗೂ ತುರಿಕೆ ಎಲ್ಲಿದೆ ಎಂಬುದನ್ನು ಹೇಳಲೇಬೇಕಾಗುತ್ತದೆ. ಅವನು ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದ: ಇನ್ನೂ ಕೆಳಗೆ, ಒಂಚೂರು ಎಡಕ್ಕೆ.