ಬನ್ನಿಯ ದಿನದ ಸೈಲೆನ್ಸರ್ ವಾದ

ಮಹಾನವಮಿಯ ಖಂಡೇಪೂಜೆಯಂದು ನಮ್ಮ ಬೈಲಹೊಂಗಲದ ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ವಿಶ್ರಾಂತಿ. ನನ್ನ ತಮ್ಮನ ಸಲಿಕೆ ಕುಡುಗೋಲುಗಳು, ಅವನ ಮಗನ ಗಾಡಿ ರಿಪೇರಿಯ ಪಾನಾ ಪಕ್ಕಡಗಳು, ಅಡುಗೆಮನೆಯ ಈಳಿಗೆ, ನನ್ನ ಗ್ರಂಥಗಳು, ಎಲ್ಲವೂ ಒಂದೇ ಜಮಖಾನೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂಡುತ್ತವೆ. ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವುದು ಮುಗಿಯುವತನಕ ಅವನ್ನು ಮುಟ್ಟುವಂತಿಲ್ಲ. ಹೊಲದಿಂದ ಬನ್ನಿಯ ಟೊಂಗೆ ತರಬೇಕಾದ ವಾಹನಕ್ಕೆ ಮಾತ್ರ ದಶಮಿಯ ಬೆಳಿಗ್ಗೆಯೇ ಬಿಡುಗಡೆ. ಅಧ್ಯಾಪನದಿಂದ ನಿವೃತ್ತನಾದ ಮೇಲೂ ಓದನ್ನು ಬಿಡದ ನನಗೆ ಆ ಹೊತ್ತು ಬಹಳ ಉದ್ದವೆನಿಸುತ್ತದೆ. ಪುಸ್ತಕವಿಲ್ಲದ ಸಂಸ್ಕೃತ ಮಾಸ್ತರನಿಗೆ ಮುಂದಿನ ಕಟ್ಟೆಯ ಮೇಲೆ ಕುಳಿತು ಬಂದುಹೋಗುವವರ ಮಾತು ಕೇಳುವುದೊಂದೇ ಗತಿ. ಕೆಲವು ವರ್ಷಗಳ ಹಿಂದಿನ ಒಂದು ದಶಮಿಯಂದು ಕಾರಿನ ಹೊಗೆಕೊಳವೆಯನ್ನು ಕುರಿತ ಸಾಂಗವಾದ ವಾದವೊಂದನ್ನು ನಾನು ಕೇಳಿದ್ದು ಈ ಕಾರಣದಿಂದಲೇ.

ತಮ್ಮನ ಮಗ ಪೇಟೆಯಲ್ಲಿ ಬೀಜದ ಅಂಗಡಿ ನಡೆಸುತ್ತಾನೆ. ಸಾಧು ಸ್ವಭಾವದವನು, ಚಹಾ ಬಿಟ್ಟರೆ ಬೇರೆ ಚಟವಿಲ್ಲ. ಅವನ ಪ್ರಾಣವೆಲ್ಲ ಒಂದು ಹಳೆಯ ಕಾರಿನಲ್ಲಿ. ಕಟಕೋಳದ ಕಡೆಯ ಯಾರದೋ ಕಣದಲ್ಲಿ ಅದು ಕೋಳಿಗಳ ಗೂಡಾಗಿ ನಿಂತಿತ್ತಂತೆ. ಅದನ್ನು ಎಳೆಸಿಕೊಂಡು ಬಂದು, ಅಂಗಡಿ ಮುಚ್ಚಿದ ರವಿವಾರಗಳನ್ನೆಲ್ಲ ಅದಕ್ಕೇ ಸಲ್ಲಿಸಿ, ಒಂದೊಂದು ಭಾಗವನ್ನೂ ಬಿಚ್ಚಿ, ತೊಳೆದು, ಜೋಡಿಸಿ ನಡೆಯುವಂತೆ ಮಾಡಿದ್ದ. ಜೀರ್ಣೋದ್ಧಾರವು ಪುಣ್ಯಕಾರ್ಯವೆಂದು ನಾನೂ ಸಂತೋಷಪಟ್ಟಿದ್ದೆ. ಆದರೆ ಆ ವರ್ಷದ ಶ್ರಾವಣ ಕಳೆದ ಮೇಲೆ ಅವನು ಕಾರಿನ ಮೂಲ ಸೈಲೆನ್ಸರನ್ನು ತೆಗೆದು, ಹೊರಗಿನಿಂದ ತರಿಸಿದ ದಪ್ಪ ಕೊಳವೆಯೊಂದನ್ನು ಕೂಡಿಸಿದ. ಅಂದಿನಿಂದ ಸಂಜೆ ಅವನು ಅಂಗಡಿಯಿಂದ ಮರಳುವುದು ಓಣಿಯ ತಿರುವಿನಲ್ಲೇ ತಿಳಿಯುತ್ತಿತ್ತು. ಸಂಧ್ಯಾವಂದನೆಗೆ ಕುಳಿತ ನನಗೆ ಜಪದ ಎಣಿಕೆ ತಪ್ಪುತ್ತಿತ್ತು. ನಾನು ಸುಮ್ಮನಿದ್ದೆ, ತಮ್ಮ ಸುಮ್ಮನಿರಲಿಲ್ಲ.

"ಛಲೋ ಇದ್ದ ಗಾಡಿ ಕೆಡಿಸಿದಿ. ನಾಳೆ ಅದು ಎಲ್ಲೆರ ನಿಂತ್ರ ನೋಡು, ರಾಮದುರ್ಗದವರು ಕೇಳಾಕ ಹತ್ಯಾರ, ಅವರಿಗೆ ಕೊಟ್ಟ ಬಿಡತೇನಿ" ಎಂದು ಅವನು ಮಗನಿಗೆ ಎಚ್ಚರಿಕೆ ಕೊಟ್ಟಿದ್ದ. ರಾಮದುರ್ಗದವರೆಂದರೆ ಅವನ ಪರಿಚಯದ ಒಬ್ಬ ವ್ಯಾಪಾರಿ. ಹುಡುಗನೂ ಹುರುಪಿನಲ್ಲಿ, "ನಿಲ್ಲೂದಿಲ್ಲಪ್ಪಾ. ಈ ಪೈಪಿನಿಂದ ಗಾಡಿ ಕೆಟ್ರ ನಾನ ಕೀಲಿ ತಂದು ನಿಮ್ಮ ಕೈಯಾಗ ಇಡತೇನಿ" ಎಂದುಬಿಟ್ಟಿದ್ದ. ದೇವರ ಮನೆಯ ಹೊಸ್ತಿಲಲ್ಲಿ ನಿಂತು ಆಡಿದ ಮಾತು ಅದು. ನಮ್ಮ ಮನೆಯಲ್ಲಿ ಅಂಥ ಮಾತಿಗೆ ಪ್ರತಿಜ್ಞೆಯ ತೂಕವಿದೆ.

ದಶಮಿಯ ಬೆಳಿಗ್ಗೆ ಹೊಲದಿಂದ ಬನ್ನಿ ತರಲೆಂದು ತಂದೆ ಮಗ ಇಬ್ಬರೂ ಕಾರಿನಲ್ಲಿ ಹೊರಟರು. ನಮ್ಮ ಕಬ್ಬಿನ ಹೊಲವಿರುವುದು ಎಂ.ಕೆ. ಹುಬ್ಬಳ್ಳಿಯ ದಾರಿಯಲ್ಲಿ, ಊರು ದಾಟುತ್ತಲೇ ಒಂದು ಏರು ಸಿಗುತ್ತದೆ. ಆ ಏರಿನ ನಡುವೆ ಕಾರು ಉಬ್ಬಸ ಬಂದವರಂತೆ ಏದುಸಿರು ಬಿಡುತ್ತ ನಿಂತೇಬಿಟ್ಟಿತಂತೆ. ಹಿಂದಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆದು ತಂದು ಮನೆಯ ಮುಂದೆ ಬಿಟ್ಟರು. ಬನ್ನಿಯನ್ನು ಬೇರೆಯವರ ಬೈಕಿನ ಮೇಲೆ ತರಿಸಬೇಕಾಯಿತು. ತಮ್ಮ ಬೈಯಲಿಲ್ಲ. ಒಳಗೆ ಹೋಗಿ ರಾಮದುರ್ಗಕ್ಕೆ ಫೋನು ಮಾಡಿ, ಸಂಜೆಗೆ ಬರಲು ಹೇಳಿ ಬಂದು ನನ್ನ ಪಕ್ಕದಲ್ಲಿ ಕುಳಿತ. ಹುಡುಗನ ಮುಖ ನೋಡಲಾಗುತ್ತಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವನ ಇಬ್ಬರು ಗೆಳೆಯರು ಬಂದರು. ಒಬ್ಬ ಸವದತ್ತಿಯವನು, ಇನ್ನೊಬ್ಬ ಕಿತ್ತೂರಿನವನು. ಇಬ್ಬರಿಗೂ ಕಾರುಗಳೆಂದರೆ ಹಸಿವು ನೀರಡಿಕೆ ಮರೆಯುವಷ್ಟು ಹುಚ್ಚು. ಬಂದವರು ನನಗೆ ನಮಸ್ಕರಿಸಿ, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತರು. ವಾದ ಆರಂಭವಾಯಿತು.

"ನಾ ಅವತ್ತ ಬಡಕೊಂಡೆ, ಅಷ್ಟು ದಪ್ಪ ಪೈಪ್ ಬ್ಯಾಡಂತ" ಎಂದ ಕಿತ್ತೂರಿನವನು. "ಸಣ್ಣ ಎಂಜಿನ್ ಇದು. ಹೊಗಿ ದಪ್ಪ ಪೈಪಿನ್ಯಾಗ ಹೊಕ್ಕ ಕೂಡ್ಲೆ ವೇಗ ಕಳಕೊಂತೈತಿ. ಕೆಳಗಿನ ಗೇರಿನ್ಯಾಗ ಎಳೆತ ಇರೂದಿಲ್ಲ. ಏರಿನ್ಯಾಗ ನಿಲ್ಲದ ಏನ್ ಮಾಡೀತು?"

ಸವದತ್ತಿಯವನು ಕೈ ಬೀಸಿದ. "ಹೋಗ್ಲೇ! ಮೂಗ ಕಟ್ಟಿಸಿಕೊಂಡು ಓಡು ಅಂದ್ರ ನೀ ಓಡ್ತಿಯೇನು? ಹೊಗಿ ಸರಾಗ ಹೊರಗ ಹೋದ್ರ ಎಂಜಿನ್ ಸರಾಗ ಉಸರ ಆಡತೈತಿ. ನನ್ನ ಗಾಡಿ ಇಂಥಾದ್ದ ಪೈಪ್ ಹಾಕ್ಕೊಂಡು ಗುಡ್ಡ ಏರತೈತಿ."

"ನಿನ್ನ ಗಾಡಿ ಏರೂದಿಲ್ಲ, ಒದರತೈತಿ. ಗುಡ್ಡದ ಮ್ಯಾಲಿನ ಮಂಗ್ಯಾ ಎಲ್ಲಾ ಊರು ಬಿಟ್ಟ ಹೋಗ್ಯಾವ."

"ಒದರಿದ್ರ ಒದರಲಿ, ನಿನ್ನ ಗಾಡಿ ಹಂಗ ತಳ್ಳಿಸಿಕೊಂಡಂತೂ ಬರೂದಿಲ್ಲ."

ನನಗೆ ಬಾಲ್ಯದ ಪಾಠಶಾಲೆಯ ವಾಕ್ಯಾರ್ಥಸಭೆಗಳು ಕಣ್ಣಿಗೆ ಕಟ್ಟಿದವು. ಪೂರ್ವಪಕ್ಷವನ್ನು ಇಡುವ ಉತ್ಸಾಹ, ಖಂಡಿಸುವ ಚಪಲ, ನಡುವೆ ಒಂದಿಷ್ಟು ಪರಿಹಾಸ, ಎಲ್ಲವೂ ಅಲ್ಲಿನಂತೆಯೇ ಇದ್ದವು. ತಮ್ಮನ ಮಗ ಮಾತ್ರ ಎರಡೂ ಪಕ್ಷಗಳಿಗೆ ಸೇರದೆ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುತ್ತಿದ್ದ: "ಹಬ್ಬದ ಮೊದಲ ಇದ ಪೈಪ್ ಹಾಕ್ಕೊಂಡು ಇದ ಏರು ಏರೇತ್ರಿ." ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಕಟದಲ್ಲಿರುವವನ ಸಾಕ್ಷ್ಯಕ್ಕೆ ಬೆಲೆ ಕಡಿಮೆ.

ಕಡೆಗೆ ಕಿತ್ತೂರಿನವನು ನನ್ನ ಕಡೆ ತಿರುಗಿದ. "ಗುರುಗಳ, ನೀವು ಕೇಳಿದ್ರೆಲ್ಲ. ನೀವ ಹೇಳ್ರಿ."

ತಮ್ಮನೂ, "ಹೂಂ ಅಣ್ಣಾ, ನೀ ಹೇಳು. ನೀ ಹೇಳಿದ್ಮ್ಯಾಲ ಮುಗೀತು" ಎಂದ. ಮನೆಯ ಹಿರಿಯನಾದ ನನ್ನ ಮಾತಿನ ಮೇಲೆ ಮತ್ತೊಂದು ಮಾತು ನಮ್ಮಲ್ಲಿ ಬರುವುದಿಲ್ಲ. ಹುಡುಗ ತಲೆ ತಗ್ಗಿಸಿದ. ನನಗೆ ಕಿತ್ತೂರಿನವನ ವಾದವೇ ಸುಸಂಗತವಾಗಿ ತೋರಿತ್ತು: ಕೊಳವೆ ದಪ್ಪವಾದರೆ ಏರಿನಲ್ಲಿ ಎಳೆತ ಕುಗ್ಗುತ್ತದೆ ಎಂದ, ಏರಿನಲ್ಲಿಯೇ ಎಳೆತ ಕುಗ್ಗಿತು. ಸಂಜೆಯ ಜಪಕ್ಕೆ ಆಗುತ್ತಿದ್ದ ಅಡಚಣೆಯೂ ಆ ಪಕ್ಷಕ್ಕೆ ಸ್ವಲ್ಪ ತೂಕ ಕೊಟ್ಟಿದ್ದರೆ ಆಶ್ಚರ್ಯವಿಲ್ಲ. ದೋಷ ಕೊಳವೆಯದೇ, ಕೊಟ್ಟ ಮಾತಿನಂತೆ ನಡೆಯಬೇಕು ಎಂದು ಹೇಳಲು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಸವದತ್ತಿಯವನು ಪಟ್ಟು ಬಿಡದೆ, "ತಡೀರಿ ಗುರುಗಳ. ಖಂಡೇಪೂಜಿಗೆ ಗಾಡಿ ತೊಳದ್ರಲಾ? ಪೈಪಿನ್ಯಾಗ ನೀರ ಹೊಕ್ಕಿರಬೇಕು" ಎಂದ.

"ನೀರ ಹೊಕ್ಕಿದ್ರ ಎಂಜಿನ್ ಕಾದಕೂಡ್ಲೆ ಉಗಿಯಾಗಿ ಹೋಗಿರ್ತಿತ್ತಲೇ" ಎಂದು ಕಿತ್ತೂರಿನವನು ನಕ್ಕ.

ನನ್ನ ಪಕ್ಕದಲ್ಲಿದ್ದ ತಮ್ಮ ನಗಲಿಲ್ಲ. ಅವನು ನೆಟ್ಟಗೆ ಕುಳಿತ. ಎದ್ದು ಕಾರಿನ ಹಿಂಬದಿಗೆ ಹೋಗಿ, ಬಗ್ಗಿ, ಕೊಳವೆಯ ಬಾಯಿಯನ್ನು ದಿಟ್ಟಿಸಿ ನೋಡಿ ಮರಳಿ ಬಂದ. ಕುಳಿತುಕೊಳ್ಳಲಿಲ್ಲ. ಹೆಗಲ ಮೇಲಿನ ಟವಲನ್ನು ತೆಗೆದು ಮುಖ ಒರೆಸಿಕೊಂಡ. ಅವನಿಗೆ ಬೇಡವಾಗಿದ್ದ ಕೊಳವೆ. ಅವನು ಕರೆಸಿದ್ದ ವ್ಯಾಪಾರಿ. ಸುಮ್ಮನಿದ್ದರೆ ಸಂಜೆಯೊಳಗೆ ಎಲ್ಲವೂ ಅವನು ಬಯಸಿದಂತೆಯೇ ಮುಗಿಯುತ್ತಿತ್ತು.

"ನೀರ ಹೊಕ್ಕಿಲ್ಲ" ಎಂದ ತಮ್ಮ. "ಹೊಗಬಾರದಂತ ನಾನ ಅರಿಬಿ ತುರಿಕಿದ್ದೆ."

ಎಲ್ಲರೂ ಅವನ ಮುಖ ನೋಡಿದರು.

ವಿಷಯ ಇಷ್ಟೇ. ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರ್ ತೊಳೆಯುವಾಗ ಅದರ ಆಕಾಶ ನೋಡುವ ಸೈಲೆನ್ಸರಿನ ಬಾಯಿಗೆ ಒಂದು ಬಟ್ಟೆ ತುರುಕುವುದು ರೂಢಿ. ಬಟ್ಟೆಯ ತುದಿ ಮೇಲೆ ಜುಟ್ಟಿನಂತೆ ಕಾಣುತ್ತಿರುತ್ತದೆ. ತೊಳೆದಾದ ಮೇಲೆ ಎಳೆದು ತೆಗೆಯುತ್ತಾರೆ. ಪೂಜೆಯ ಹಿಂದಿನ ದಿನ ತಮ್ಮ ಟ್ರ್ಯಾಕ್ಟರನ್ನು ತೊಳೆದು, ಅದೇ ಕೈಯಲ್ಲಿ ಮಗನ ಕಾರನ್ನೂ ತೊಳೆದಿದ್ದ. ತಾನು ಬೈಯುತ್ತಿದ್ದ ಕೊಳವೆಯೊಳಗೆ ನೀರು ಹೋಗದಿರಲೆಂದು ಹಳೆಯ ಧೋತರದ ತುಂಡೊಂದನ್ನು ಅದರ ಬಾಯಿಗೂ ತುರುಕಿದ್ದ. ದಪ್ಪ ಕೊಳವೆಯಾದ್ದರಿಂದ ಬಟ್ಟೆ ಒಳಗೆ ಜಾರಿ ಕಣ್ಣಿಗೆ ಕಾಣದಾಯಿತು. ಮರುದಿನ ಪೂಜೆಗೆ ಕುಳಿತ ವಾಹನವನ್ನು ಯಾರೂ ಚಾಲೂ ಮಾಡಲಿಲ್ಲ. ಆ ಒಂದು ದಿನದ ವಿಶ್ರಾಂತಿಯಲ್ಲಿ ಅವನಿಗೆ ಅದು ಸಂಪೂರ್ಣ ಮರೆತುಹೋಗಿತ್ತು. ಸಮತಟ್ಟಾದ ದಾರಿಯಲ್ಲಿ ಬಟ್ಟೆಯ ಸಂದಿನಿಂದ ಹೇಗೋ ನುಸುಳುತ್ತಿದ್ದ ಹೊಗೆಗೆ ಏರಿನಲ್ಲಿ ಅಷ್ಟು ದಾರಿ ಸಾಲದೆ ಎಂಜಿನ್ನಿನ ಉಸಿರು ಕಟ್ಟಿತ್ತು.

ಹುಡುಗ ಎದ್ದು ಪಕ್ಕಡ ತರಲು ಒಳಗೆ ಓಡಿದವನು ದೇವರ ಮನೆಯ ಬಾಗಿಲಲ್ಲಿ ತಡೆದು ನಿಂತ. ಪಕ್ಕಡ ಪೂಜೆಯಲ್ಲಿತ್ತು. ಬನ್ನಿ ಕೊಡುವುದು ಸಂಜೆಗೆ. ರಾಮದುರ್ಗದವರು ಬರುವುದೂ ಸಂಜೆಗೆ. ಅವನು ನನ್ನ ಕಡೆ ನೋಡಿದ. ನಾನು ಕಾಲು ತೊಳೆದುಕೊಂಡು ಒಳಗೆ ಹೋಗಿ, ದೇವಿಗೆ ಕೈಮುಗಿದು, ಅಪರಾಹ್ಣವಾಗಿದೆ, ವಿಜಯಮುಹೂರ್ತವೂ ಇದೇ ಎಂದು ಅರಿಕೆ ಮಾಡಿಕೊಂಡೆ. ಪಕ್ಕಡದ ಮೇಲೆ ಅಕ್ಷತೆ ಹಾಕಿ, ಪೂಜೆ ಮುಗಿದ ಗುರುತಿಗೆ ಕದಲಿಸಿ, ಅದರ ಕುಂಕುಮ ಒರೆಸದೆ ಅವನ ಕೈಗಿಟ್ಟೆ. ನನ್ನ ಗ್ರಂಥಗಳನ್ನು ಮುಟ್ಟಲಿಲ್ಲ. ಅವುಗಳಿಗೆ ಅಷ್ಟು ಅವಸರವಿರಲಿಲ್ಲ.

ಆ ಪಕ್ಕಡದಿಂದ ತಂತಿಯೊಂದನ್ನು ಕೊಕ್ಕೆಯಂತೆ ಬಾಗಿಸಿ ಮೂವರೂ ನೆಲಕ್ಕೆ ಮಲಗಿ ಎಳೆದರು. ಒಳಗಿನ ಬೆಸುಗೆಯ ಅಂಚಿಗೆ ಸಿಕ್ಕಿಕೊಂಡಿದ್ದ ಧೋತರ, ಮಸಿ ಹಿಡಿದು, ಅಂಚು ಸುಟ್ಟು, ಹೊರಗೆ ಬಂತು.

"ಕಾಕಾ, ಇದಕ್ಕ ಯಾವ ಕಂಪನಿ ಫಿಲ್ಟರ್ ಅಂತ ಹೇಳೂದ್ರಿ?" ಎಂದ ಸವದತ್ತಿಯವನು.

"ಸುಮ್ಮನಿರಲೇ, ನಿನಗೂ ಒಂದು ಕೊಡತೇನಿ. ನಿನ್ನ ಗಾಡಿ ಬಾಯಿಗೆ ಅದ ಬೇಕಾಗೇತಿ" ಎಂದ ತಮ್ಮ. ಬೆಳಗಿನಿಂದ ಅವನು ನಕ್ಕದ್ದು ಆಗಲೇ.

ಹುಡುಗ ಕಾರನ್ನು ಚಾಲೂ ಮಾಡಿ, ಗೆಳೆಯರನ್ನು ಕೂಡಿಸಿಕೊಂಡು ಏರಿನ ಕಡೆ ಹೊರಟ. ತಮ್ಮ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಉಳಿದ. ನಾವಿಬ್ಬರೂ ಕಿವಿಗೊಟ್ಟೆವು. ಶಬ್ದ ಓಣಿ ದಾಟಿತು, ಪೇಟೆ ದಾಟಿತು, ಏರಿನ ಬುಡಕ್ಕೆ ಬಂದು ಸ್ವಲ್ಪ ದಪ್ಪವಾಯಿತು. ಶಬ್ದ ಕಡಿಯಲಿಲ್ಲ. ಏರಿನ ತಲೆ ಮುಟ್ಟಿ, ಆಚೆಗೆ ಇಳಿದು, ತೆಳುವಾಗುತ್ತ ಹೋಯಿತು. ಆ ಕ್ಷಣದ ನಿರಾಳವನ್ನು ಇಂದಿಗೂ ನೆನೆಯುತ್ತೇನೆ. ಕಾರು ಏರಿತೆಂಬ ಸಂತೋಷಕ್ಕಿಂತ, ತಪ್ಪು ತೀರ್ಪೊಂದು ನನ್ನ ಗಂಟಲಿನವರೆಗೆ ಬಂದು ನಾಲಿಗೆಗೆ ಬಾರದಂತೆ ದೇವಿ ತಡೆದಳಲ್ಲ ಎಂಬ ಸಮಾಧಾನ ದೊಡ್ಡದಾಗಿತ್ತು.

ಮರಳಿ ಬಂದ ಮೂವರೂ ಇನ್ನೂ ವಾದಿಸುತ್ತಲೇ ಇದ್ದರು. ಮೊದಲಿನ ಸೈಲೆನ್ಸರಿನಲ್ಲಿ ಇನ್ನೂ ಚೆನ್ನಾಗಿ ಎಳೆಯುತ್ತಿತ್ತೆಂದು ಕಿತ್ತೂರಿನವನು. ಇಳಿಜಾರಿನಲ್ಲಿ ಹಾರಿದ್ದನ್ನು ನೋಡಲಿಲ್ಲವೇ ಎಂದು ಸವದತ್ತಿಯವನು. ಸಿದ್ಧಾಂತ ಇಂದಿಗೂ ಆಗಿಲ್ಲ. ತಮ್ಮನ ಮಗ ಕೀಲಿಯನ್ನು ತಂದೆಯ ಮುಂದೆ ಹಿಡಿದ. "ಏನ ಮಾಡ್ಲಿ ಅಪ್ಪಾ?"

"ನಿನ್ನ ಕಡೆನ ಇರಲಿ. ಆದ್ರ ಆ ಪೈಪಿನ ಬಾಯಿ ಒಂದೀಟು ಸಣ್ಣ ಮಾಡಸು. ದೊಡ್ಡಪ್ಪ ಜಪಕ್ಕ ಕುಂತಿರತಾರ."

"ಶಬ್ದ ಕಡಿಮಿ ಮಾಡೂ ಜಾಳಗಿ ಸಿಗತೈತಿ, ರವಿವಾರ ಪೈಪಿನ ಬಾಯಿಗೆ ಹಾಕಸತೇನಿ" ಎಂದು ಹುಡುಗ ಒಪ್ಪಿದ. ಹಾಕಿಸಿದ ಕೂಡ.

ತಮ್ಮ ಫೋನು ತೆಗೆದು ರಾಮದುರ್ಗಕ್ಕೆ ಹಚ್ಚಿದ. "ನಮಸ್ಕಾರರಿ. ಗಾಡಿ ಕೊಡೂದಿಲ್ರಿ, ಸಿಟ್ಟ ಆಗಬ್ಯಾಡ್ರಿ... ಇಲ್ರಿ, ಗಾಡಿಗೆ ಏನೂ ಆಗಿದ್ದಿಲ್ಲ. ಆಗಿದ್ದೆಲ್ಲಾ ನನ್ನ ಧೋತರಕ್ಕ... ಅದನ್ನ ಕುಂತು ಹೇಳತೇನಿ. ಬನ್ನಿ ಕೊಡಾಕ ಮಾತ್ರ ತಪ್ಪದ ಬರ್ರಿ, ಹೋಳಿಗಿ ಇಟ್ಟಿರತೇವಿ."