ಒಟ್ಟು ಜನ: ಮೂರು

ನಮ್ಮ ಯಜಮಾನರು ಮೂವತ್ತನಾಲ್ಕು ವರ್ಷ ಪ್ರವಾಸಿ ಬಸ್ಸು ಓಡಿಸಿದವರು. ಅವರು ಕಾಣದ ದೇವಸ್ಥಾನವಿಲ್ಲ, ಮುಟ್ಟದ ಕೋಟೆಯಿಲ್ಲ ಎಂದು ನೆಂಟರೆಲ್ಲ ಹೊಗಳುತ್ತಾರೆ. ಹಾಗಾಗಿ, ಐದು ದಿನ ಕಾರಿನಲ್ಲಿ ಒಂದು ಸುತ್ತು ಹೋಗಿಬರೋಣ ಎಂದು ಮಗಳು ಹೇಳಿದಾಗ, ಯೋಜನೆ ಹಾಕುವ ಕೆಲಸ ತಾನಾಗಿಯೇ ಅವರ ಪಾಲಿಗೆ ಬಂತು. ಕಾರು ಮಗಳದು, ಓಡಿಸುವವಳೂ ಅವಳೇ. ಹೊರಡುವವರು ನಾವಿಬ್ಬರು, ಮಗಳು ಮತ್ತು ನನ್ನ ತಂಗಿ.

ಈ ವರ್ಷವೇ ಹೋಗಬೇಕು ಎಂದು ಹಟ ಹಿಡಿದವಳು ನಾನು. ಕ್ಲಚ್ ತುಳಿದೂ ತುಳಿದೂ ಅವರ ಎಡ ಮೊಣಕಾಲು ಸವೆದುಹೋಗಿದೆ. "ಈಗಾದ್ರೆ ನಿಧಾನಕ್ಕೆ ಹತ್ತಬಹುದು, ಮುಂದಿನ ವರ್ಷದ್ದು ಹೇಳೋಕಾಗಲ್ಲ" ಎಂದು ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದರು. ಕೋಟೆಗಳೋ, ಒಂದೊಂದಕ್ಕೂ ಮುನ್ನೂರು ನಾನೂರು ಮೆಟ್ಟಿಲು.

ಮೂರು ದಿನ ಊಟದ ಮೇಜು ಅವರ ವಶವಾಯಿತು. ನಕ್ಷೆ, ಗೆರೆ ಹಾಕಿದ ಪುಸ್ತಕ, ಪೆನ್ಸಿಲ್ಲು, ರಬ್ಬರು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಕೇಳಿದರೆ, "ಸ್ವಲ್ಪ ಸುಮ್ನಿರೇ, ಲೆಕ್ಕ ತಪ್ಪುತ್ತೆ" ಎಂಬ ಗದರಿಕೆ ಬೇರೆ.

ನಾಲ್ಕನೆಯ ದಿನ ಪುಸ್ತಕವನ್ನು ನನ್ನ ಮುಂದೆ ಹಿಡಿದರು. ಅಬ್ಬಾ, ನೋಡಬೇಕು ಅದರ ಚಂದ! ಯಾವ ತಿರುವಿನಲ್ಲಿ ರಸ್ತೆ ಕಿರಿದು, ಯಾವ ಪೆಟ್ರೋಲ್ ಬಂಕಿನ ಶೌಚಾಲಯ ಶುಚಿ, ಯಾವ ಗುಡಿಯೆದುರು ಹನ್ನೊಂದರ ಮೇಲೆ ಮರದ ನೆರಳು ಎತ್ತ ಸರಿಯುತ್ತದೆ, ಎಲ್ಲ ಇತ್ತು. ಮೊದಲ ಕೋಟೆಯ ಮುಂದೆ ಹೀಗೆ ಬರೆದಿದ್ದರು: 'ಏಳು ಹತ್ತಕ್ಕೆ ಇಳಿಸುವುದು. ಒಂಬತ್ತೂವರೆಗೆ ಹತ್ತಿಸಿಕೊಳ್ಳುವುದು.'

"ಒಳಗೆ ಏನೇನಿದೆ ಅಂತ ಬರ್ದೇ ಇಲ್ವಲ್ಲ ರೀ?"

"ಒಳಗಿಂದು ನಂಗೇನು ಗೊತ್ತು? ಗೈಡ್ ಹೇಳ್ತಾನೆ ಬಿಡು."

"ಇಷ್ಟು ವರ್ಷದಲ್ಲಿ ಒಂದ್ಸಲಾನೂ ಒಳಗೆ ಹೋಗಿಲ್ವಾ?"

"ಬಸ್ ಬಿಟ್ಟು ಹೋಗೋಕಾಗುತ್ತೇನೇ? ಜನರ ಬ್ಯಾಗೆಲ್ಲ ಅದ್ರಲ್ಲೇ ಇರ್ತಿತ್ತು."

ನಾನು ಪುಟ ತಿರುವಿದೆ. ಕೊನೆಯಲ್ಲಿ, ದಪ್ಪಕ್ಷರದಲ್ಲಿ, 'ಒಟ್ಟು ಜನ: ಮೂರು' ಎಂದಿತ್ತು. ಪಿತ್ತ ನೆತ್ತಿಗೇರಿತು.

"ಮೂರಾ? ನಾಲ್ಕನೆಯವರು ಎಲ್ಲಿ ಹಾಳಾಗಿ ಹೋದ್ರು?"

"ಡ್ರೈವರ್‌ನ ಎಣಿಸಲ್ಲ ಕಣೇ. ಯಾವತ್ತೂ ಎಣಿಸಲ್ಲ."

"ಡ್ರೈವರ್ ನಿಮ್ ಮಗಳು! ನೀವ್ಯಾರು ಹಾಗಾದ್ರೆ?"

ಅವರು ಮೆಲ್ಲಗೆ, "ಗಾಡಿ ಹತ್ರ ಯಾರಾದ್ರೂ ಇರ್ಬೇಕಲ್ವಾ" ಎಂದರು. ಆ ದನಿ ಕೇಳಿ ನನ್ನ ಕೋಪವೆಲ್ಲ ಇಳಿದುಹೋಯಿತು. ಪಾಪ, ಬೇಕೆಂದೇ ಮಾಡಿದ್ದಲ್ಲ. ತನ್ನನ್ನು ಬಿಟ್ಟು ತಲೆ ಎಣಿಸುವುದೇ ಅವರಿಗೆ ರೂಢಿಯಾಗಿತ್ತು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆ.

ಮಗಳಿಗೆ ಆರು ವರ್ಷವಿದ್ದಾಗ, ಎರಡು ಸೀಟು ಖಾಲಿ ಉಳಿದವೆಂದು ಅವರು ನಮ್ಮನ್ನು ಒಮ್ಮೆ ಪುಸ್ತಕದ ಈ ಮೊದಲ ಕೋಟೆಗೇ ಕರೆದುಕೊಂಡು ಹೋಗಿದ್ದರು. ಅದನ್ನು ನೆನಪಿಸಿದೆ.

"ಮೇಲಿಂದ ಬಸ್ಸು ಕಾಣ್ತಿತ್ತಾ?" ಎಂದು ಕೇಳಿದರು.

"ಕಾಣ್ತಿತ್ತು. ನೀವೂ ಕಾಣ್ತಿದ್ರಿ, ಇಷ್ಟೇ ಇಷ್ಟು. ಬಕೆಟ್ ಇಟ್ಕೊಂಡು ಗಾಜು ಒರೆಸ್ತಿದ್ರಿ. ನಾವಿಬ್ರೂ ಕೈ ಬೀಸಿದ್ವಿ, ನೀವು ತಲೆ ಎತ್ತಲೇ ಇಲ್ಲ."

"ಕೂಗ್ಬಾರ್ದಿತ್ತಾ?"

"ಕೂಗಿದ್ವಿ ರೀ. ಅಷ್ಟರಲ್ಲಿ ನೀವು ಹಾರ್ನ್ ಹೊಡೆದ್ರಿ. ಎಲ್ರೂ ಓಡ್ಕೊಂಡು ಇಳಿದ್ವಿ."

ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ನನ್ನ ಮೇಲೆ ನನಗೇ ಬೇಜಾರಾಯಿತು. ಅವರು ಮೊಣಕಾಲು ಸವರಿಕೊಂಡು, ರಬ್ಬರು ತೆಗೆದುಕೊಂಡು ಮೂರನ್ನು ಅಳಿಸಿ ನಾಲ್ಕು ಬರೆದರು. ಆಮೇಲೆ ಪುಟ ಹಿಂದಕ್ಕೆ ತಿರುವಿ, ಕೋಟೆಯ ಮುಂದಿದ್ದ ಒಂಬತ್ತೂವರೆಯನ್ನೂ ಅಳಿಸಿದರು. ಪೆನ್ಸಿಲ್ಲು ಅಲ್ಲೇ ನಿಂತಿತು.

"ಒಳಗೆ ಎಷ್ಟು ಹೊತ್ತು ಬೇಕೋ ಏನೋ" ಎಂದರು, "ನಂಗೆ ಗೊತ್ತಿಲ್ವಲ್ಲೇ."

"ಖಾಲಿ ಬಿಡಿ" ಎಂದೆ. "ಈ ಸಲ ಯಾರೂ ಹಾರ್ನ್ ಹೊಡೆಯಲ್ಲ."